ನಂದಿಬೆಟ್ಟದ ಮೇಲೆ ಹದ್ದು ಎಣಿಸಲು ಇಬ್ಬರನ್ನು ಕೂರಿಸಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರೇ,

ನಮಸ್ಕಾರ. ಎಣಿಸುವ ಕೆಲಸದಲ್ಲಿ ನಿಮ್ಮ ಇಲಾಖೆ ಹಿಂದೆ ಬಿದ್ದಿಲ್ಲ. 2022ರ ಗಣತಿಯಂತೆ ರಾಜ್ಯದಲ್ಲಿ 563 ಹುಲಿಗಳಿವೆ. 2023ರ ಗಣತಿಯಂತೆ 6,395 ಆನೆಗಳಿವೆ. ಈ ಲೆಕ್ಕ ಕೈಯಲ್ಲಿರುವುದರಿಂದಲೇ ಅವುಗಳ ಬಗ್ಗೆ ಸದನದಲ್ಲಿ ಮಾತಾಗುತ್ತದೆ, ಬಜೆಟ್ಟಿನಲ್ಲಿ ದುಡ್ಡು ಸಿಗುತ್ತದೆ. ಪ್ರತಿ ವರ್ಷ ನಮ್ಮ ತಲೆಯ ಮೇಲೇ ಹಾದುಹೋಗುವ ವಲಸೆ ಬೇಟೆ ಹಕ್ಕಿಗಳಿಗೆ, ಅಂದರೆ ಹದ್ದು, ಗಿಡುಗದಂಥವಕ್ಕೆ, ಮಾತ್ರ ಅಂಥ ಲೆಕ್ಕವಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಕೊನೆಯವರೆಗೆ, ದಿನಾ, ನಂದಿಬೆಟ್ಟದ ಮೇಲೆ ಇಬ್ಬರು ಕೂತು ಅವುಗಳನ್ನು ಎಣಿಸುವ ವ್ಯವಸ್ಥೆ ಮಾಡಿಕೊಡಿ. ನಾನು ಕೇಳುತ್ತಿರುವುದು ಇಷ್ಟೇ.

ಬೆಂಗಳೂರಿನವರಿಗೆ ನಂದಿ ಅಂದರೆ ಸೂರ್ಯೋದಯ. ಬೆಳಗಿನ ಜಾವ ಬೈಕು, ಕಾರುಗಳ ಸಾಲು. ಮಂಜು ಕರಗುತ್ತಿದ್ದಂತೆ ಎಲ್ಲರೂ ತಿಂಡಿಗೆ ಕೆಳಗಿಳಿಯುತ್ತಾರೆ. ಹದ್ದುಗಳ ಹೊತ್ತು ಶುರುವಾಗುವುದೇ ಆಮೇಲೆ. ಮೊದಲು ಬಂಡೆಗಳು ಕಾಯಬೇಕು, ಬಿಸಿ ಗಾಳಿ ಮೇಲೇಳಬೇಕು. ಅಗಲ ರೆಕ್ಕೆಯ ಹಕ್ಕಿಗಳು ಆ ಗಾಳಿಯೊಳಗೆ ಸುತ್ತುತ್ತಾ ಏರುತ್ತವೆ. ಸಾಕಷ್ಟು ಎತ್ತರ ಸಿಕ್ಕ ಮೇಲೆ ರೆಕ್ಕೆ ಬಡಿಯದೆ ಮುಂದಕ್ಕೆ ಜಾರುತ್ತವೆ. ಮುಂದೆ ಇನ್ನೊಂದು ಕಡೆ ಮತ್ತೆ ಏರುತ್ತವೆ. ಸಾವಿರಾರು ಕಿಲೋಮೀಟರ್ ಹೋಗಬೇಕಾದ ಹಕ್ಕಿಗೆ ಉಳಿಸಿದ ಶಕ್ತಿಯೇ ಜೀವ. 1,478 ಮೀಟರ್ ಎತ್ತರದ ಬೆಟ್ಟದ ಅಂಚಿನಲ್ಲಿ ನಿಂತರೆ ಇವು ಕಣ್ಣಿನ ಮಟ್ಟದಲ್ಲೇ ಹೋಗುತ್ತವೆ, ಕೆಲವೊಮ್ಮೆ ನಮಗಿಂತ ಕೆಳಗೂ. ಊರಲ್ಲಿ ನಿಂತು ನೋಡಿದರೆ ಬರೀ ಕಪ್ಪು ಚುಕ್ಕಿ.

ಈ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮಾರ್ಚ್ ತಿಂಗಳು, ಬೆಳಗ್ಗೆ ಹತ್ತೂವರೆ. ಕೆಳಗಿನ ಬಯಲಿನಿಂದ ನಮ್ಮ ಮಾಮೂಲಿ ಹದ್ದುಗಳು ಗುಂಪಾಗಿ ಏರುತ್ತಿರುತ್ತವೆ. ಅವುಗಳ ನಡುವೆ ಒಂದರ ಬಾಲಕ್ಕೆ ಕವಲಿಲ್ಲ. ಅದು ನಮ್ಮ ಕಡೆ ಮುಖ ಮಾಡಿದಾಗ ಎರಡು ರೆಕ್ಕೆಗಳ ಬುಡದಲ್ಲೂ ಒಂದೊಂದು ಬಿಳಿ ಚುಕ್ಕೆ ಕಾಣುತ್ತದೆ. ಅದು ಬೂಟೆಡ್ ಈಗಲ್, ವಲಸೆ ಹಕ್ಕಿ. ರೆಕ್ಕೆ ಮೇಲೆತ್ತಿ ಹಿಡಿದು, ಗಾಳಿಯಲ್ಲಿ ತೂರಾಡುತ್ತಾ ಹೋಗುವುದು ಸೆಳೆವ, ಅಂದರೆ ಇಂಗ್ಲಿಷಿನ ಹ್ಯಾರಿಯರ್. ಗಂಡು ಮಾಂಟೆಗ್ಯೂ ಹ್ಯಾರಿಯರ್ ಆದರೆ ಬೂದು ರೆಕ್ಕೆಯ ಮೇಲೆ ಕಪ್ಪು ಪಟ್ಟಿ ಇರುತ್ತದೆ. ಪ್ಯಾಲಿಡ್ ಹ್ಯಾರಿಯರ್ ಆದರೆ ಪಟ್ಟಿ ಇಲ್ಲ, ರೆಕ್ಕೆಯ ತುದಿಯಲ್ಲಷ್ಟೇ ಕಪ್ಪು. ಹೆಣ್ಣುಗಳನ್ನು ಬೇರೆ ಮಾಡುವುದು ಪಳಗಿದವರಿಗೂ ಕಷ್ಟ. ಗೊತ್ತಾಗದಿದ್ದರೆ ಸುಮ್ನೆ ಊಹಿಸಬಾರದು. 'ಹ್ಯಾರಿಯರ್, ಜಾತಿ ತಿಳಿಯಲಿಲ್ಲ' ಅಂತಲೇ ಬರೆಯಬೇಕು. ಇಲ್ಲೇ ಸುತ್ತುವ ಹದ್ದುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ಗೆರೆ ಗೊತ್ತು ಮಾಡಿಕೊಂಡು, ಅದನ್ನು ದಾಟಿ ಉತ್ತರಕ್ಕೆ ಹೋದವನ್ನಷ್ಟೇ ಎಣಿಸಬೇಕು. ಗಂಟೆಗೊಮ್ಮೆ ಗಾಳಿಯ ದಿಕ್ಕು, ಮೋಡ, ಬಿಸಿಲು ಬರೆದಿಡಬೇಕು. ಒಂದೂ ಹಕ್ಕಿ ಬಾರದ ದಿನ ಸೊನ್ನೆ ಅಂತ ಬರೆಯಬೇಕು. ಆ ಸೊನ್ನೆಯೂ ಮುಖ್ಯ. ಭಾನುವಾರ ಮಾತ್ರ ಬೆಟ್ಟ ಹತ್ತುವ ನಮ್ಮಂಥ ಹವ್ಯಾಸಿಗಳಿಂದ ಇದು ಆಗುವ ಕೆಲಸವಲ್ಲ.

ವಸಂತದಲ್ಲೇ ಯಾಕೆ ಅಂತ ನೀವು ಕೇಳಬಹುದು. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುವ ಗುಂಪಿನಲ್ಲಿ ಆ ವರ್ಷ ಹುಟ್ಟಿದ ಮರಿಗಳೂ ಇರುತ್ತವೆ. ಕಜಾಕಸ್ತಾನ, ರಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಚೆನ್ನಾಗಿ ಆದವಾ ಅಂತ ಆ ಎಣಿಕೆ ಹೇಳುತ್ತದೆ. ವಸಂತದಲ್ಲಿ ಉತ್ತರಕ್ಕೆ ವಾಪಸು ಹೋಗುವವು ನಮ್ಮ ನೆಲದಲ್ಲಿ ಚಳಿಗಾಲ ಕಳೆದು ಬದುಕಿ ಉಳಿದವು. ನಮ್ಮ ಹೊಲದ ಮಿಡತೆ ತಿಂದು, ನಮ್ಮ ಹುಲ್ಲಲ್ಲಿ ರಾತ್ರಿ ತಂಗಿದವು. ಹೊಲಕ್ಕೆ ಔಷಧಿ ಹೊಡೆದು ಮಿಡತೆ ಇಲ್ಲವಾದರೆ, ಹುಲ್ಲುಗಾವಲು ಲೇಔಟ್ ಆದರೆ, ಅದು ತಿಳಿಯುವುದು ವಸಂತದ ಈ ಲೆಕ್ಕದಲ್ಲೇ. ಇದು ನಮ್ಮ ಮಾರ್ಕ್ಸ್ ಕಾರ್ಡು.

ಎಣಿಕೆ ಏನು ಮಾಡಬಲ್ಲದು ಅನ್ನುವುದಕ್ಕೆ ರಣಹದ್ದುಗಳ ಕಥೆ ಸಾಕು. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ಹಕ್ಕಿ ವಿಜ್ಞಾನಿ ವಿಭು ಪ್ರಕಾಶ್ ಅವರ ಬಳಿ 1980ರ ದಶಕದ ಲೆಕ್ಕ ಇತ್ತು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ರಣಹದ್ದುಗಳು ಭಾರೀ ಪ್ರಮಾಣದಲ್ಲಿ ಕಾಣೆಯಾಗಿರುವುದು ಗೊತ್ತಾಯಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದಿನ ಮೈ ಸೇರುವುದೇ ಇದಕ್ಕೆ ಕಾರಣ ಅಂತ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿತು. ಹಳೆಯ ಲೆಕ್ಕ ಇರದಿದ್ದರೆ ಇನ್ನೂ ತಡವಾಗುತ್ತಿತ್ತು, ಅಲ್ವಾ? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಬೆಟ್ಟವಿದೆ. ಜನ ಮೋಜಿಗಾಗಿ ಗಿಡುಗಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದ ಜಾಗ ಅದು. ರೋಸಲಿ ಎಡ್ಜ್ ಅನ್ನುವ ಹೆಣ್ಣುಮಗಳು 1934ರಲ್ಲಿ ಅದನ್ನು ತಮ್ಮ ವಶಕ್ಕೆ ಪಡೆದು ಬೇಟೆ ನಿಲ್ಲಿಸಿದರು. ಅದೇ ವರ್ಷ ಅಲ್ಲಿ ಎಣಿಕೆಯೂ ಶುರುವಾಯಿತು. ಡಿಡಿಟಿ ಕೀಟನಾಶಕದಿಂದ ಹಕ್ಕಿಗಳಿಗಾದ ಹಾನಿ ತೋರಿಸಿಕೊಡಲು ಆ ಎಣಿಕೆಯ ಪುಸ್ತಕಗಳೂ ನೆರವಾದವು.

ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಡಲಿಲ್ಲ. 2024ರಲ್ಲಿ ಸುಮಾರು 5,678 ಎಕರೆಗೆ ಅದೇ ಮಂಡಳಿ ಒಪ್ಪಿತು. ಅದಕ್ಕೆ ನಾನು ಮನಸಾರೆ ಕೃತಜ್ಞ. ಹ್ಯಾರಿಯರ್‌ಗಳು ಚಳಿಗಾಲ ಕಳೆಯುವುದು ಇಂಥ ಜಾಗಗಳಲ್ಲೇ. ಆ ಹುಲ್ಲು ಉಳಿಸಿದ್ದರಿಂದ ಎಷ್ಟು ಒಳ್ಳೆಯದಾಯಿತು ಅಂತ ಹತ್ತು ವರ್ಷದ ಮೇಲೆ ಯಾರಾದರೂ ಕೇಳಿದರೆ ಉತ್ತರ ನಿಮ್ಮ ಇಲಾಖೆಯ ಬಳಿ ಇರಬೇಕು. ನಂದಿಗೆ ರೋಪ್‌ವೇ ಬೇರೆ ಬರಲಿದೆ. 2023ರಲ್ಲೇ ಅಡಿಗಲ್ಲು ಬಿದ್ದಿದೆ. ಬೆಟ್ಟದ ಪಕ್ಕದ ಗಾಳಿಯಲ್ಲಿ ಕೇಬಲ್ ಹಾದುಹೋಗುವ ಮೊದಲು ಒಂದೆರಡು ವಸಂತದ ಲೆಕ್ಕವಾದರೂ ಸಿಗಲಿ. ಕೇಬಲ್ ಬಂದ ಮೇಲೆ ಎಣಿಸಿದರೆ ಹೋಲಿಸಲು ಏನೂ ಇರುವುದಿಲ್ಲ.

ಖರ್ಚು ಜಾಸ್ತಿ ಇಲ್ಲ. ಇಬ್ಬರಿಗೆ ಮೂರು ತಿಂಗಳ ಸಂಬಳ, ಎರಡು ಬೈನಾಕ್ಯುಲರ್, ಒಂದು ಟೆಲಿಸ್ಕೋಪು, ಬಿಸಿಲಿಗೊಂದು ಸಣ್ಣ ನೆರಳು. ಕೂರುವವರು ಬೆಟ್ಟದ ಬುಡದ ಹಳ್ಳಿಗಳ ಹುಡುಗ ಹುಡುಗಿಯರೇ ಆಗಲಿ. ಗಾಳಿ ಎಲ್ಲಿಂದ ಬೀಸುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಹಕ್ಕಿ ಗುರುತಿಸುವುದನ್ನು ಕಲಿಸಲು ಬೆಂಗಳೂರಿನ ಹಕ್ಕಿ ವೀಕ್ಷಕರು ಬರುತ್ತೇವೆ, ದುಡ್ಡು ಬೇಡ. ಬೆಟ್ಟದ ಮೇಲಿನ ಗಿರಿಧಾಮ ಬೇರೆ ಇಲಾಖೆಯ ಕೈಯಲ್ಲಿದೆ. ಹಾಗಾಗಿ ಅವರ ಜೊತೆ ಕೂತು ಅನುಮತಿ ಪಡೆಯುವ ಕೆಲಸ ನಿಮ್ಮಿಂದಲೇ ಆಗಬೇಕು. ಕನಿಷ್ಠ ಹತ್ತು ವರ್ಷ ನಡೆಯುತ್ತದೆ ಅಂತ ಆದೇಶದಲ್ಲೇ ಬರೆಸಿ, ಏಕೆಂದರೆ ಎರಡು ವರ್ಷದ ಲೆಕ್ಕದಿಂದ ಏರಿಕೆ ಇಳಿಕೆ ತಿಳಿಯುವುದಿಲ್ಲ. ದಿನದ ಲೆಕ್ಕ ಅದೇ ಸಂಜೆ ಜನರಿಗೆ ಸಿಗುವಂತಿರಲಿ.

ಮುಂದಿನ ಫೆಬ್ರವರಿ ಮೊದಲ ವಾರದಲ್ಲಿ ಶುರು ಮಾಡಬೇಕಾದರೆ ಡಿಸೆಂಬರ್ ಒಳಗೆ ಆದೇಶ ಆಗಬೇಕು. ದಯವಿಟ್ಟು ಒಂದು ಸಭೆ ಕರೆಯಿರಿ. ಕರೆದ ದಿನ ನಾವು ಬರುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಹಕ್ಕಿ ವೀಕ್ಷಕ