ಸರತಿ ಇದೆ, ಪಟ್ಟಿ ಇಲ್ಲ: ಇಂಡಿ ಊರಿನ ಗೆಳೆಯನಿಗೊಂದು ಪತ್ರ

ಸಾಯನ್, ಮುಂಬಯಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿತು. ನಿನ್ನ ಅಣ್ಣನ ತೊಡೆಸಂದಿಯ ಬಾವು ಹರ್ನಿಯಾ ಎಂದು ಗೊತ್ತಾದ ಮೇಲೆ ಮನೆಯವರೆಲ್ಲ ಕೂಡಿ ಮಾತಾಡಿ, ಮುಂಬಯಿಯಲ್ಲಿ ಅಷ್ಟು ದೊಡ್ಡ ಸರಕಾರಿ ಆಸ್ಪತ್ರೆಗಳಿವೆ, ಅಲ್ಲಿ ನೀನೂ ಇದ್ದೀಯ, ಎಂಟು ದಿನದಲ್ಲಿ ಆಪರೇಶನ್ ಮುಗಿಸಿಕೊಂಡು ಊರಿಗೆ ಮರಳಬಹುದು ಎಂದು ಲೆಕ್ಕ ಹಾಕಿರುವುದಾಗಿ ಬರೆದಿದ್ದೀಯ. ಸುತ್ತುಬಳಸದೆ ಹೇಳುತ್ತೇನೆ, ಕರೆದುಕೊಂಡು ಬರಬೇಡ. ಮನೆಯಲ್ಲಿ ಜಾಗವಿಲ್ಲವೆಂದಲ್ಲ, ಅಣ್ಣ ಬಂದು ತಿಂಗಳುಗಟ್ಟಲೆ ಇದ್ದರೂ ನಮಗೆ ಸಂತೋಷವೇ. ಆದರೆ ಹರ್ನಿಯಾ ಆಪರೇಶನ್ ಜಿಲ್ಲಾ ಆಸ್ಪತ್ರೆಯ ಸರ್ಜನ್‌ಗಳಿಗೆ ಕೈ ಪಳಗಿದ ಕೆಲಸ. ಅದನ್ನು ವಿಜಯಪುರದಲ್ಲಿಯೇ ಮಾಡಿಸುವುದು ಒಳ್ಳೆಯದು. ಇನ್ನೊಂದು ಮಾತನ್ನು ವಹಿನಿಗೂ ತಿಳಿಸಿಡು: ಮಲಗಿದಾಗ ಒಳಗೆ ಹೋಗುತ್ತಿದ್ದ ಬಾವು ಒಂದು ದಿನ ಒಳಹೋಗದೆ ಗಟ್ಟಿಯಾಗಿ ನಿಂತು, ನೋವು ಹೆಚ್ಚಿ, ವಾಂತಿ ಶುರುವಾದರೆ ಗಂಟೆಗಳನ್ನೂ ಕಾಯಬಾರದು, ಕರುಳು ಸಿಕ್ಕಿಕೊಂಡು ಅದರ ರಕ್ತ ಸಂಚಾರ ನಿಲ್ಲುವ ಅಪಾಯವಿರುತ್ತದೆ. ಆಗ ಮುಂಬಯಿ ರೈಲಿನ ಟಿಕೆಟ್ ಹುಡುಕುತ್ತ ಕೂಡಬೇಡ, ಹತ್ತಿರದ ಆಸ್ಪತ್ರೆಗೆ ಹೋಗು.

ಇಲ್ಲಿ ಏಕೆ ಬೇಡ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಮುಂಬಯಿಯಲ್ಲಿ ಮಹಾನಗರ ಪಾಲಿಕೆ ನಡೆಸುವ ಕೆಇಎಂ, ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳಿವೆ. ರಾಜ್ಯ ಸರಕಾರದ ಜೆಜೆ ಇದೆ. 1926ರಲ್ಲಿ ಪರೇಲ್‌ನಲ್ಲಿ ಶುರುವಾದ ಕೆಇಎಂ ಒಂದರಲ್ಲಿಯೇ 1,800ಕ್ಕೂ ಹೆಚ್ಚು ಹಾಸಿಗೆಗಳಿವೆ. ಇಷ್ಟು ಅಗ್ಗಕ್ಕೆ ಇಷ್ಟು ನುರಿತ ಕೈಗಳು ನಮ್ಮಂಥವರಿಗೆ ಬೇರೆಲ್ಲಿಯೂ ಸಿಗಲಾರವು ಎಂದು ನಾನು ಈಗಲೂ ನಂಬುತ್ತೇನೆ. ಆದ್ದರಿಂದಲೇ ಇಲ್ಲಿಗೆ ಮುಂಬಯಿಯವರಷ್ಟೇ ಅಲ್ಲ, ಕೊಂಕಣದಿಂದ, ಮರಾಠವಾಡದಿಂದ, ಉತ್ತರ ಪ್ರದೇಶ ಬಿಹಾರಗಳಿಂದ, ನಮ್ಮ ಕಲಬುರಗಿ ವಿಜಯಪುರಗಳಿಂದಲೂ ಜನ ಬರುತ್ತಾರೆ. ಬಂದವರನ್ನು ನೋಡುತ್ತಾರೆ, ನೋಡದೆ ಕಳಿಸುವುದಿಲ್ಲ. ಸಿಗದೆ ಹೋಗುವುದು ತಾರೀಖು.

ಸರ್ಜರಿ ವಿಭಾಗವೆಂದರೆ ಒಂದೇ ತಂಡವಲ್ಲ, ಹಲವು ಯೂನಿಟ್‌ಗಳು. ಒಂದೊಂದು ಯೂನಿಟ್ಟಿಗೂ ವಾರದಲ್ಲಿ ಹೊರರೋಗಿಗಳನ್ನು ನೋಡುವ ಓಪಿಡಿಯ ದಿನ, ಆಪರೇಶನ್ ಮಾಡುವ ಓಟಿಯ ದಿನ, ಎಮರ್ಜೆನ್ಸಿಯ ದಿನ ಎಂದು ಗೊತ್ತುಮಾಡಿರುತ್ತಾರೆ. ಸೋಮವಾರ ಕೇಸ್ ಪೇಪರ್ ಮಾಡಿಸಿದವನು ಸೋಮವಾರದ ಯೂನಿಟ್ಟಿನ ರೋಗಿ. ಬುಧವಾರ ಬಿಡುವಾಯಿತೆಂದು ಹೋದರೆ ಅಂದಿನ ಡಾಕ್ಟರರು ಕಾಗದ ತಿರುಗಿಸಿ ನೋಡಿ ಮರಳಿ ಕೊಡುತ್ತಾರೆ. ಆಪರೇಶನ್ ಬೇಕೆಂದು ಹಿರಿಯ ಡಾಕ್ಟರರು ಹೇಳಿದ ಮೇಲೆ ರೆಸಿಡೆಂಟ್ ಡಾಕ್ಟರರು ಯೂನಿಟ್ಟಿನ ಡೈರಿಯಲ್ಲಿ ಹೆಸರು ಬರೆದುಕೊಂಡು ಒಂದು ತಾರೀಖು ಕೊಡುತ್ತಾರೆ. ಅಷ್ಟರೊಳಗೆ ರಕ್ತ, ಎಕ್ಸ್‌ರೇ, ಇಸಿಜಿ ಮಾಡಿಸಿ, ಅರಿವಳಿಕೆ ಕೊಡುವ ಅನಸ್ತೇಶಿಯಾ ವಿಭಾಗದಿಂದ ಆಪರೇಶನ್ನಿಗೆ ಅಡ್ಡಿಯಿಲ್ಲವೆಂಬ ಫಿಟ್‌ನೆಸ್ ಪಡೆಯಬೇಕು. ಆ ಫಿಟ್‌ನೆಸ್ ಕೆಲವು ವಾರ ಮಾತ್ರ ನಡೆಯುತ್ತದೆ. ತಾರೀಖು ಅದನ್ನು ದಾಟಿ ಮುಂದಕ್ಕೆ ಹೋಯಿತೆಂದರೆ ರಕ್ತ ಕೊಡುವುದರಿಂದ ಮತ್ತೆ ಶುರು. ಸಿಟಿ, ಎಂಆರ್‌ಐ ಬೇಕಾದವರಿಗೆ ಅವುಗಳದ್ದೇ ಬೇರೆ ಸರತಿ. ಹೊರಗೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಂಡು ಬರಬಲ್ಲವನು ಮುಂದೆ ಹೋಗುತ್ತಾನೆ, ಆಗದವನು ಹಿಂದೆ ಉಳಿಯುತ್ತಾನೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಕುಂದಾಪುರ ಕಡೆಯ ಅಡುಗೆಯವರೊಬ್ಬರಿದ್ದಾರೆ. ಮಾಟುಂಗಾದ ಹೋಟೆಲೊಂದರಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಗಳನ್ನು ಎತ್ತಿ ಎತ್ತಿಯೇ ವಯಸ್ಸು ಕಳೆದವರು. ಅವರಿಗೂ ಅಣ್ಣನಿಗಿರುವ ಕಾಯಿಲೆಯೇ. ಆಸ್ಪತ್ರೆಯ ಹೆಸರು ಬೇಡ. ಅವರ ಕೇಸ್ ಪೇಪರಿನ ಹಿಂಬದಿಯನ್ನು ನಾನೇ ನೋಡಿದ್ದೇನೆ: ಒಂದು ತಾರೀಖಿಗೆ ಅಡ್ಡಗೀಟು, ಅದರ ಕೆಳಗೆ ಇನ್ನೊಂದು, ಅದಕ್ಕೂ ಗೀಟು, ಪಕ್ಕದಲ್ಲಿ ಓದಲಾಗದ ಸಹಿ. ಅಡ್ಮಿಟ್ ಆದ ಮೇಲೂ ಮುಗಿಯಲಿಲ್ಲ. ಹಿಂದಿನ ರಾತ್ರಿಯಿಂದ ಉಪವಾಸ, ಬೆಳಗ್ಗೆ ಕೂದಲು ತೆಗೆಸಿಕೊಂಡು, ಹಸಿರು ಅಂಗಿ ತೊಟ್ಟು, ಸಲೈನ್ ಸೂಜಿ ಚುಚ್ಚಿಸಿಕೊಂಡು, ಹೆಸರು ಕರೆಯುವುದನ್ನೇ ಕಾಯುತ್ತ ಕೂತವರ ಬಳಿ ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಬಂದು "ಆಜ್ ನಾಹೀ ಹೋಣಾರ್, ಕಾಕಾ, ಜೇವೂನ್ ಘ್ಯಾ" (ಇವತ್ತು ಆಗುವುದಿಲ್ಲ, ಕಾಕಾ, ಊಟ ಮಾಡಿಕೊಳ್ಳಿ) ಎಂದು ಹೇಳಿ ಹೋದರು. ಊಟ ಮಾಡಿಕೊಳ್ಳಿ ಎಂದಳಲ್ಲ, ಅಷ್ಟೇ ಸಮಾಧಾನ ಎಂದು ಆ ಮನುಷ್ಯ ನನ್ನ ಮುಂದೆ ನಕ್ಕರು. ಹೋಟೆಲಿನಲ್ಲಿ ರಜೆಗೆ ಸಂಬಳವಿಲ್ಲ. ಮಂಗಳೂರು ಕಡೆಯ ಮಾಲೀಕರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಆದರೆ ತಾರೀಖು ಬದಲಾದ ಪ್ರತಿ ಸಲವೂ ಬದಲಿ ಅಡುಗೆಯವನನ್ನು ಹುಡುಕಿ ಕೊಡುವ ಹೊಣೆ ಇವರದೇ ಆಗಿತ್ತು.

ಅಂದು ಏಕೆ ಆಗಲಿಲ್ಲವೆಂದರೆ ಆಪರೇಶನ್ ಟೇಬಲ್ ಎಮರ್ಜೆನ್ಸಿಗೆ ಹೋಗಿತ್ತು. ಇದರಲ್ಲಿ ತಪ್ಪಿಲ್ಲ. ಈ ನಗರದ ಲೋಕಲ್ ರೈಲು ಹಳಿಗಳ ಮೇಲೆ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಕೈಕಾಲು ಕಳೆದುಕೊಂಡು ಬದುಕುಳಿದವರನ್ನು ಹೊತ್ತು ತರುವುದು ಇಂಥ ಆಸ್ಪತ್ರೆಗಳಿಗೇ. ನಮ್ಮ ಸಾಯನ್ ಆಸ್ಪತ್ರೆ ಹೆದ್ದಾರಿ ಮತ್ತು ರೈಲುಮಾರ್ಗಗಳ ಮಗ್ಗುಲಲ್ಲಿರುವುದರಿಂದ ಅಪಘಾತದ ಹೊರೆ ಅದರ ಮೇಲೆ ಮೊದಲಿನಿಂದಲೂ ಹೆಚ್ಚು. ರಕ್ತ ಸೋರುತ್ತಿರುವವನನ್ನು ಬಿಟ್ಟು ಹರ್ನಿಯಾ ಹೊಲಿಯಿರಿ ಎಂದು ಯಾರೂ ಕೇಳಲಾರರು. ಇದಲ್ಲದೆ ಅನಸ್ತೇಶಿಯಾದವರ ಕೊರತೆ, ಐಸಿಯು ಹಾಸಿಗೆ ಖಾಲಿಯಿಲ್ಲದಿರುವುದು, ಓಟಿ ದುರಸ್ತಿ ಎಲ್ಲವೂ ಸೇರುತ್ತವೆ. ಈ ಆಸ್ಪತ್ರೆಗಳ ದಿನದ ಕೆಲಸವನ್ನು ಹೊತ್ತಿರುವವರು ರೆಸಿಡೆಂಟ್ ಡಾಕ್ಟರರು, ಅಂದರೆ ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರು. 2021ರಲ್ಲಿ ಸ್ನಾತಕೋತ್ತರ ವೈದ್ಯ ಶಿಕ್ಷಣದ ನೀಟ್ ಪಿಜಿ ಪ್ರವೇಶ ತಡವಾಗಿ ಹೊಸ ತಂಡ ಬಾರದೆ ಇದ್ದವರೇ ದುಡಿದು ಹಣ್ಣಾದರು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ವೈದ್ಯೆಯ ಕೊಲೆಯ ನಂತರ ಮಹಾರಾಷ್ಟ್ರದಲ್ಲಿಯೂ ಅವರು ಮುಷ್ಕರ ಹೂಡಿದಾಗ ಎಮರ್ಜೆನ್ಸಿ ನಡೆಯಿತು, ಮುಂಚೆ ನಿಗದಿಯಾದ ಆಪರೇಶನ್‌ಗಳು ಮುಂದಕ್ಕೆ ಹೋದವು. ಅವರ ಕೋಪ ನ್ಯಾಯವಾದದ್ದೇ. ಯಾವ ಕಾರಣ ಬಂದರೂ ಮೊದಲು ಕಾಯಬೇಕಾದವನು ತಾರೀಖು ಹಿಡಿದವನೇ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಹರ್ನಿಯಾದವನು ಕಾದು ಕಾದು ಕರುಳು ಸಿಕ್ಕಿಕೊಂಡರೆ ಅವನೂ ಎಮರ್ಜೆನ್ಸಿಯಾಗುತ್ತಾನೆ, ಅದೇ ರಾತ್ರಿ ಟೇಬಲ್ ಸಿಗುತ್ತದೆ, ಇನ್ನೊಬ್ಬನ ತಾರೀಖಿಗೆ ಗೀಟು ಬೀಳುತ್ತದೆ.

ಹಾಗಾದರೆ ನನ್ನ ತಕರಾರೇನು ಎಂದು ನೀನು ಕೇಳಬಹುದು. ಕಾಯುವುದರ ಬಗ್ಗೆ ನನಗೆ ಅಷ್ಟು ದೂರಿಲ್ಲ. ನನ್ನ ಮುಂದೆ ಎಷ್ಟು ಜನರಿದ್ದಾರೆ ಎಂಬುದು ಗೊತ್ತಾಗದೆ ಕಾಯಬೇಕಲ್ಲ, ಅದು ದೂರು. ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳ ಸಾಲಾದರೂ ಕಣ್ಣಿಗೆ ಕಾಣುತ್ತದೆ, ಯಾರದಾದರೂ ಡಬ್ಬಿ ನಡುವೆ ನುಸುಳಿದರೆ ಜಗಳವಾಡಬಹುದು. ಯೂನಿಟ್ಟಿನ ಡೈರಿ ರೋಗಿಯ ಕಣ್ಣಿಗೆ ಬೀಳುವಂಥದ್ದಲ್ಲ. ಕಾಣದ ಸರತಿಯೊಳಗೆ ವಶೀಲಿ ಸಲೀಸಾಗಿ ನುಗ್ಗುತ್ತದೆ: ಶಾಸಕರ ಕಚೇರಿಯ ಚೀಟಿ, ವಾರ್ಡಿನಲ್ಲಿ ಪರಿಚಯದವರ ಒಂದು ಮಾತು, ಹಿರಿಯ ಡಾಕ್ಟರರಿಗೆ ಯಾರೋ ಮಾಡಿದ ಫೋನು. ಹೀಗೆ ಹಿಂದೆ ಬಿದ್ದವನಿಗೆ ತಾನು ಹಿಂದೆ ಬಿದ್ದದ್ದೂ ತಿಳಿಯುವುದಿಲ್ಲ. ನೀನಿರುವಾಗ ಚಿಂತೆಯಿಲ್ಲ ಎಂದು ನೀನು ಬರೆದದ್ದರ ಒಳಗೂ ಈ ವಶೀಲಿಯ ನಿರೀಕ್ಷೆಯೇ ಇದೆಯಲ್ಲವೇ? ಬೇಸರ ಮಾಡಿಕೊಳ್ಳಬೇಡ, ಊರಿನಿಂದ ಬರುವವರೆಲ್ಲರೂ ಇದನ್ನೇ ನಿರೀಕ್ಷಿಸುತ್ತಾರೆ.

ಪಟ್ಟಿ ಇಟ್ಟು ನಡೆಸುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ನಾನು ಇದೇ ಊರಿನ ಮೂತ್ರಪಿಂಡ ಕಸಿಗೆ ಕಾಯುವವರ ಪಟ್ಟಿಯನ್ನು ತೋರಿಸುತ್ತೇನೆ. 1994ರ ಅಂಗಾಂಗ ಕಸಿ ಕಾಯಿದೆಯ ನಂತರ ಮುಂಬಯಿಯಲ್ಲಿ ವಲಯ ಕಸಿ ಸಮನ್ವಯ ಕೇಂದ್ರ ಹುಟ್ಟಿಕೊಂಡಿತು. ಮಿದುಳು ನಿಷ್ಕ್ರಿಯವಾದವರ ಕುಟುಂಬ ಅಂಗದಾನಕ್ಕೆ ಒಪ್ಪಿದಾಗ ಆ ಅಂಗ ಯಾರಿಗೆ ಎಂಬುದನ್ನು ಈ ಕೇಂದ್ರ ನೋಡಿಕೊಳ್ಳುತ್ತದೆ. ಡಯಾಲಿಸಿಸ್ ಮೇಲೆ ಎಷ್ಟು ಕಾಲವಾಯಿತು, ವಯಸ್ಸೆಷ್ಟು ಎಂಬಂಥ ಅಂಶಗಳಿಗೆ ಅಂಕ ಕೊಟ್ಟು ರೋಗಿಗಳನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ದಾನ ನಡೆದ ಆಸ್ಪತ್ರೆಗೆ ಸಾಮಾನ್ಯವಾಗಿ ಒಂದು ಮೂತ್ರಪಿಂಡ ಮೀಸಲು, ಇನ್ನೊಂದು ಎಲ್ಲರ ಪಟ್ಟಿಗೆ. ಈ ಮೀಸಲು ಸರಿಯೇ ಎಂದು ವಾದಿಸಬಹುದು, ಆದರೆ ಬರೆದಿಟ್ಟ ನಿಯಮವಾದ್ದರಿಂದಲೇ ವಾದಕ್ಕೆ ಎಡೆಯಿದೆ. ಅಷ್ಟು ವಿರಳವಾದ ವಸ್ತುವನ್ನು ಹಂಚಲು ಪಟ್ಟಿ ಮಾಡಬಲ್ಲ ನಗರಕ್ಕೆ ಹರ್ನಿಯಾದ, ಪಿತ್ತಕೋಶದ ಕಲ್ಲಿನ, ಸೊಂಟದ ಕೀಲಿನ ಪಟ್ಟಿ ಮಾಡಲು ಬರುವುದಿಲ್ಲವೆಂದರೆ ಒಪ್ಪುವುದು ಕಷ್ಟ.

ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ತುರ್ತಲ್ಲದ ಚಿಕಿತ್ಸೆ 18 ವಾರಗಳೊಳಗೆ ಶುರುವಾಗಬೇಕೆಂಬ ಗುರಿಯಿದೆ. 100ರಲ್ಲಿ 92 ರೋಗಿಗಳಿಗಾದರೂ ಅದು ಸಿಗಬೇಕು. 2016ರಿಂದೀಚೆಗೆ ಆ ಗುರಿ ಮುಟ್ಟಲಾಗಿಲ್ಲ, ಕಾಯುವ ಪಟ್ಟಿ 70 ಲಕ್ಷವನ್ನು ದಾಟಿತು. ಅದನ್ನು ನೋಡಿ ನಗುವವರು ನಮ್ಮಲ್ಲಿದ್ದಾರೆ. ತಾವು ಎಷ್ಟು ಸೋತಿದ್ದೇವೆಂದು ಅವರು ತಿಂಗಳು ತಿಂಗಳು ಲೆಕ್ಕ ಕೊಡುತ್ತಾರೆ, ನಮ್ಮ ಆಸ್ಪತ್ರೆಗಳು ಅಂಥ ಲೆಕ್ಕವನ್ನು ಯಾರ ಮುಂದೆಯೂ ಇಡುವುದಿಲ್ಲ. ಅಷ್ಟು ದೂರವೂ ಹೋಗಬೇಕಾಗಿಲ್ಲ. 2017ರಲ್ಲಿ ದಿಲ್ಲಿ ಸರಕಾರ, ತನ್ನ ಆಸ್ಪತ್ರೆಯಲ್ಲಿ ಒಂದು ತಿಂಗಳೊಳಗೆ ಆಪರೇಶನ್ನಿನ ತಾರೀಖು ಸಿಗದಿದ್ದರೆ ಗೊತ್ತುಮಾಡಿದ ಖಾಸಗಿ ಆಸ್ಪತ್ರೆಯಲ್ಲಿ ಸರಕಾರದ ಖರ್ಚಿನಲ್ಲಿ ಮಾಡಿಸುವ ವ್ಯವಸ್ಥೆ ತಂದಿತು. ಅದು ಎಷ್ಟರಮಟ್ಟಿಗೆ ನಡೆಯಿತೆಂಬುದು ಬೇರೆ ಮಾತು, ತಡವೆಂದರೆ ಎಷ್ಟು ದಿನ ಎಂದು ಒಂದು ಸರಕಾರವಾದರೂ ಗೆರೆ ಎಳೆಯಿತು. ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಖರ್ಚಿನ ಭಾರ ಇಳಿಸುತ್ತದೆ, ತಾರೀಖಿನ ಖಾತರಿ ಕೊಡುವುದಿಲ್ಲ. ಬಾಂಬೆ ಹೈಕೋರ್ಟಿನ 2006ರ ಯೋಜನೆಯಂತೆ ಟ್ರಸ್ಟ್ ಆಸ್ಪತ್ರೆಗಳು 100ರಲ್ಲಿ 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಇಡಬೇಕು. ನಮ್ಮ ಅಡುಗೆಯವರಿಗೆ ಕೊನೆಗೆ ತಹಶೀಲ್ದಾರರ ಆದಾಯ ಪತ್ರ ಹಿಡಿದು ಆ ಬಾಗಿಲಿನಿಂದಲೇ ಆಪರೇಶನ್ ಆಯಿತು.

ಕಾನೂನಿನ ಮಟ್ಟಿಗೆ ಹೇಳುವುದಾದರೆ, 1996ರಲ್ಲಿ ಸುಪ್ರೀಂ ಕೋರ್ಟು, ರೈಲಿನಿಂದ ಬಿದ್ದ ಕೂಲಿಕಾರನೊಬ್ಬನನ್ನು ಬಂಗಾಳದ ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಒಂದರ ನಂತರ ಒಂದು ಹಿಂದಕ್ಕೆ ಕಳಿಸಿದ ಪ್ರಕರಣದಲ್ಲಿ, ಸಮಯಕ್ಕೆ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತಿತು. ಅದು ತುರ್ತು ಚಿಕಿತ್ಸೆಯ ಮಾತು. ಆದರೆ ವರ್ಷ ತಳ್ಳಿದ ತಾರೀಖು ತುರ್ತನ್ನು ತಾನೇ ಹುಟ್ಟಿಸುವಾಗ ಆ ತೀರ್ಪಿನ ಸಮಯ ಎಂಬುದು ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ನಿನ್ನಂಥ ವಕೀಲರೇ ಉತ್ತರ ಹುಡುಕಬೇಕು.

ಅದಕ್ಕಾಗಿಯೇ ನಿನ್ನಿಂದ ಒಂದು ಕೆಲಸವಾಗಬೇಕಾಗಿದೆ. ನಾವು ಇಲ್ಲಿಯ ನಾಲ್ಕಾರು ಕನ್ನಡಿಗರು ಸೇರಿ ಪಾಲಿಕೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೆಂದಿದ್ದೇವೆ. ಕಾಯುವವರ ಪಟ್ಟಿ ಕೊಡಿ ಎಂದು ಕೇಳಿದರೆ ಅಂಥ ದಾಖಲೆಯಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಹುದು, ಇಲ್ಲದ ದಾಖಲೆಯನ್ನು ಹೊಸದಾಗಿ ತಯಾರಿಸಿ ಕೊಡುವ ಹೊಣೆ ಅವರಿಗಿಲ್ಲ. ಆದ್ದರಿಂದ ಇರುವ ರಿಜಿಸ್ಟರುಗಳನ್ನೇ ಕೇಳುವುದು ಲೇಸು: ಯೂನಿಟ್ಟುವಾರು ಪ್ರತಿದಿನ ಓಟಿಗೆ ಕಳಿಸಿದ ಪಟ್ಟಿ, ಅದರಲ್ಲಿ ಆದವೆಷ್ಟು, ರದ್ದಾದವೆಷ್ಟು, ರದ್ದಿಗೆ ಬರೆದ ಕಾರಣವೇನು. ರೋಗಿಗಳ ಹೆಸರು ನಮಗೆ ಬೇಡ. ಮಹಾರಾಷ್ಟ್ರದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಕರ್ನಾಟಕದಲ್ಲಿಯೂ ಅದೇ ಮಿತಿಯೆಂಬುದು ನಿನಗೆ ಗೊತ್ತೇ ಇದೆ. ಕರಡನ್ನು ಇದರೊಂದಿಗೆ ಕಳಿಸಿದ್ದೇನೆ. ತಿದ್ದಿ ಕೊಡು, ಮರಾಠಿಗೆ ನಾನು ಮಾಡಿಕೊಳ್ಳುತ್ತೇನೆ. ಸಾಧ್ಯವಾದರೆ ಅದೇ ಪ್ರಶ್ನೆಯನ್ನು ನಿಮ್ಮ ಜಿಲ್ಲಾ ಆಸ್ಪತ್ರೆಗೂ ಹಾಕು. ಅಣ್ಣನ ಆಪರೇಶನ್ ಮುಗಿದ ಮೇಲೆ ಹಾಕಿದರಾಯಿತು, ಅವಸರವಿಲ್ಲ.

ನಿನ್ನ ಗೆಳೆಯ