‘ಇಲ್ಲ’ ಬೇರೆ, ‘ಇನ್ನೂ ಬಂದಿಲ್ಲ’ ಬೇರೆ

ಮಾನ್ಯ ಸಂಪಾದಕರೇ,

ಕಳೆದ ವಾರ ಮಗಳ ಪರೀಕ್ಷೆಯ ಫಲಿತಾಂಶ ನೋಡಲು ಜಾಲತಾಣವೊಂದನ್ನು ತೆರೆದಿದ್ದೆ. ನೋಂದಣಿ ಸಂಖ್ಯೆ ತುಂಬಿ ಗುಂಡಿ ಒತ್ತಿದ ಕೂಡಲೇ ‘ಈ ಸಂಖ್ಯೆಗೆ ಯಾವುದೇ ಫಲಿತಾಂಶ ಇಲ್ಲ’ ಎಂಬ ಸಾಲು ಕೆಂಪಕ್ಷರದಲ್ಲಿ ಮೂಡಿತು. ಪಕ್ಕದಲ್ಲಿ ಕೂತಿದ್ದ ಮಗಳ ಮುಖ ಸಪ್ಪಗಾಯಿತು. ಎಲ್ಲೋ ತಪ್ಪಾಗಿರಬೇಕೆಂದು ಪ್ರವೇಶಪತ್ರ ಹಿಡಿದು ಒಂದೊಂದೇ ಅಂಕಿಯನ್ನು ತಾಳೆ ನೋಡುತ್ತಿರುವಾಗ, ನಾವು ಏನನ್ನೂ ಮುಟ್ಟದಿದ್ದರೂ, ಆ ಸಾಲು ಮಾಯವಾಗಿ ಅದೇ ಜಾಗದಲ್ಲಿ ಅಂಕಪಟ್ಟಿ ಬಂದು ನಿಂತಿತು. ಅವಳು ಪಾಸಾಗಿದ್ದಳು. ಆದರೆ ನಡುವಿನ ಆ ಏಳೆಂಟು ಸೆಕೆಂಡು ಪುಟ ನಮಗೆ ಹೇಳಿದ್ದು ಶುದ್ಧ ಸುಳ್ಳು.

ನಾನೂ ಜಾಲಪುಟಗಳಿಗೆ ಕೋಡ್ ಬರೆದೇ ಹೊಟ್ಟೆ ಹೊರೆಯುವವನಾದ್ದರಿಂದ ಒಳಗೆ ಏನು ನಡೆದಿರಬಹುದೆಂದು ಊಹಿಸುವುದು ಕಷ್ಟವಾಗಲಿಲ್ಲ. ಪುಟ ತೆರೆದಾಗ ಫಲಿತಾಂಶವಿಡುವ ಪಟ್ಟಿ ಖಾಲಿಯಾಗಿರುತ್ತದೆ. ಪಟ್ಟಿ ಖಾಲಿಯಿದ್ದರೆ ‘ಇಲ್ಲ’ ಎಂದು ತೋರಿಸು ಎಂದಷ್ಟೇ ಬರೆದಿರುತ್ತಾರೆ. ಫಲಿತಾಂಶ ಕಳಿಸುವ ದೂರದ ಕಂಪ್ಯೂಟರಾದ ಸರ್ವರ್‌ನಿಂದ ಉತ್ತರ ಬಂದಿದೆಯೇ ಎಂದು ಯಾರೂ ಕೇಳಿರುವುದಿಲ್ಲ. ಬರೆದವರ ಕಂಪ್ಯೂಟರಿನಲ್ಲಿ ಸರ್ವರ್ ಕೂಡ ಅಲ್ಲೇ ಇರುವುದರಿಂದ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ, ಆ ಸುಳ್ಳು ಸಾಲು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಬಳಸುವವರ ಪಾಲಿಗೆ ‘ಇನ್ನೂ ಬಂದಿಲ್ಲ’, ‘ಬಂದಿದೆ, ಆದರೆ ಏನೂ ಇಲ್ಲ’, ‘ತರಲು ಆಗಲಿಲ್ಲ’ ಎಂಬ ಮೂರೂ ಬೇರೆ ಬೇರೆ ಸಂಗತಿಗಳು. ಮೂರಕ್ಕೂ ಒಂದೇ ಮುಖ ತೋರಿಸುವ ಪುಟವನ್ನು ಮುಗಿದ ಕೆಲಸವೆಂದು ಒಪ್ಪಿಕೊಳ್ಳಬಾರದು ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಹಿಂದೆ ಈ ತೊಂದರೆ ಇಷ್ಟಿರಲಿಲ್ಲ. ಯಾವುದೇ ಕೊಂಡಿ ಒತ್ತಿದರೂ ಇಡೀ ಪುಟವೇ ಹೊಸದಾಗಿ ಬರುತ್ತಿತ್ತು. ಬರುವವರೆಗೆ ಬ್ರೌಸರ್ ತಾನಾಗಿಯೇ ಚಕ್ರದಂಥ ತನ್ನ ಗುರುತನ್ನು ತಿರುಗಿಸುತ್ತ ‘ತಡೆಯಿರಿ’ ಎನ್ನುತ್ತಿತ್ತು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೆ ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲೇ ದತ್ತಾಂಶ ತರಿಸಿಕೊಳ್ಳುವ ಸೌಲಭ್ಯ ಬಂತು, 2005ರಲ್ಲಿ ಆ ವಿಧಾನಕ್ಕೆ ಅಜಾಕ್ಸ್ ಎಂಬ ಹೆಸರು ಬಿದ್ದು ಅದು ಎಲ್ಲೆಡೆ ಹಬ್ಬಿತು. ಹೀಗೆ ಹಿನ್ನೆಲೆಯಲ್ಲಿ ನಡೆಯುವ ಕೋರಿಕೆಗಳಿಗೆ ಬ್ರೌಸರಿನ ಚಕ್ರ ಸಾಮಾನ್ಯವಾಗಿ ತಿರುಗುವುದಿಲ್ಲ. ಅಂದಿನಿಂದ ‘ತಡೆಯಿರಿ’ ಎನ್ನುವ ಹೊಣೆ ಪುಟ ಬರೆಯುವವರ ಹೆಗಲಿಗೆ ಬಿತ್ತು; ಹೆಗಲಿಗೆ ಬಿದ್ದದ್ದು ಹಲವರಿಗೆ ಇಂದಿಗೂ ಗೊತ್ತಾದಂತಿಲ್ಲ.

ಹಾಗೆಂದು ಎಲ್ಲೆಂದರಲ್ಲಿ ಚಕ್ರ ತಿರುಗಿಸಿದರೆ ಆಯಿತು ಎಂದು ನಾನು ಹೇಳುತ್ತಿಲ್ಲ. ಕಂಪ್ಯೂಟರಿನ ಉತ್ತರಕ್ಕಾಗಿ ಮನುಷ್ಯ ಎಷ್ಟು ಹೊತ್ತು ತಾಳ್ಮೆಯಿಂದ ಕಾಯಬಲ್ಲ ಎಂಬುದನ್ನು ಸಂಶೋಧಕ ರಾಬರ್ಟ್ ಮಿಲ್ಲರ್ 1968ರಲ್ಲೇ ಚರ್ಚಿಸಿದ್ದರು. 1993ರಲ್ಲಿ, ತಂತ್ರಾಂಶಗಳನ್ನು ಬಳಸಲು ಸುಲಭವಾಗಿಸುವ ಬಗೆಯ ತಜ್ಞ ಜೇಕಬ್ ನೀಲ್ಸನ್ ಅದನ್ನು ಮೂರು ಅಳತೆಗಳಲ್ಲಿ ಹೇಳಿದರು: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ತಕ್ಷಣ ಬಂದಂತೆಯೇ ಅನ್ನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಅರೆಕ್ಷಣದಲ್ಲಿ ಬರುವ ಉತ್ತರಕ್ಕೂ ಚಕ್ರ ತೋರಿಸಿದರೆ ಅದು ಮಿಂಚಿ ಮರೆಯಾಗಿ ಕಣ್ಣಿಗೆ ಕಿರಿಕಿರಿಯಾಗುವುದೇ ಹೊರತು ಬೇರೇನಲ್ಲ. ಆದ್ದರಿಂದ ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಕಾದು, ಆಗಲೂ ಉತ್ತರ ಬಾರದಿದ್ದರೆ ಮಾತ್ರ ಚಕ್ರವನ್ನು ತೋರಿಸುವುದು ಒಳ್ಳೆಯದು. ಹತ್ತು ಸೆಕೆಂಡು ಮೀರುವ ಕೆಲಸವಾದರೆ ಎಷ್ಟಾಗಿದೆ, ಎಷ್ಟು ಉಳಿದಿದೆ ಎಂದು ಹೇಳಲೇಬೇಕು.

ಈ ಎಷ್ಟು ಉಳಿದಿದೆ ಎಂಬಲ್ಲಿಯೇ ಇನ್ನೊಂದು ಮೋಸ ನಡೆಯುತ್ತದೆ. ಒಟ್ಟು ಎಷ್ಟು ಬರಲಿದೆ ಎಂದು ಸರ್ವರ್ ಮೊದಲೇ ತಿಳಿಸಿದ್ದರೆ ಮಾತ್ರ ಪ್ರತಿಶತ ಲೆಕ್ಕ ಹಾಕಲು ಸಾಧ್ಯ. ಉತ್ತರ ತುಂಡುತುಂಡಾಗಿ ಬರುತ್ತಿದ್ದರೆ ಒಟ್ಟು ಗಾತ್ರ ಬ್ರೌಸರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಾಗ ಬರೀ ಚಕ್ರ ತೋರಿಸುವುದು ಪ್ರಾಮಾಣಿಕ ದಾರಿ. ಜಾಲಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಪ್ರಗತಿಯ ಪಟ್ಟಿ ತೋರಿಸಲೆಂದೇ ಇರುವ ಪ್ರೋಗ್ರೆಸ್ ಎಂಬ ಅಂಶ ಕೂಡ ಎಷ್ಟಾಗಿದೆ ಎಂಬ ಅಂಕಿ ಕೊಡದಿದ್ದಾಗ ಅಂದಾಜಿಲ್ಲದ ಪಟ್ಟಿಯಾಗಿಯೇ ಓಡಾಡುತ್ತದೆ. ಅದರ ಬದಲು ಗಡಿಯಾರ ನೋಡಿಕೊಂಡು ಸರಸರನೆ 99ರವರೆಗೆ ಓಡಿ ಅಲ್ಲಿ ಎರಡು ನಿಮಿಷ ಕುಕ್ಕರಿಸಿ ಕೂರುವ ಪಟ್ಟಿಗಳನ್ನು ನಾವೆಲ್ಲ ನೋಡಿದ್ದೇವೆ. ಅಂಥ ಪಟ್ಟಿಯ ಮಾತನ್ನು ಎರಡನೆಯ ಸಲ ಯಾರೂ ನಂಬುವುದಿಲ್ಲ.

ಪಠ್ಯ ಬರುವ ಜಾಗದಲ್ಲಿ ಬೂದು ಬಣ್ಣದ ಪಟ್ಟಿಗಳನ್ನು ಬಿಡಿಸುವ ‘ಸ್ಕೆಲಿಟನ್’ ಪದ್ಧತಿ ಈಗ ಚಾಲ್ತಿಯಲ್ಲಿದೆ. ಬರಲಿರುವುದರ ಆಕಾರಕ್ಕೆ ಅದು ಹೊಂದುತ್ತಿದ್ದರೆ ನನಗೇನೂ ತಕರಾರಿಲ್ಲ. ಹೊಂದದಿದ್ದರೆ ದತ್ತಾಂಶ ಬಂದ ಕ್ಷಣ ಎಲ್ಲವೂ ಕೆಳಕ್ಕೆ ಜಿಗಿದು, ಒಂದನ್ನು ಒತ್ತಲು ಹೋದ ಬೆರಳು ಇನ್ನೊಂದನ್ನು ಒತ್ತಿರುತ್ತದೆ.

ಸುಳ್ಳು ‘ಇಲ್ಲ’ದಷ್ಟೇ ಕೆಟ್ಟದ್ದು ಎಂದೂ ನಿಲ್ಲದ ಚಕ್ರ. ಇದರ ಕಾರಣ ತೀರಾ ಸಣ್ಣದು. ಜಾಲಪುಟಗಳಿಗೆ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ದತ್ತಾಂಶ ತರಿಸುವ ಫೆಚ್ ಎಂಬ ಆದೇಶ, ಸರ್ವರ್ 404 ಅಥವಾ 500 ಎಂಬ ದೋಷಸಂಖ್ಯೆ ಕಳಿಸಿದರೂ ತಾನು ಸೋತೆನೆಂದು ಹೇಳುವುದಿಲ್ಲ; ಉತ್ತರ ಬಂತು ಎಂದೇ ಎಣಿಸುತ್ತದೆ. ದೋಷದ ಪುಟವನ್ನು ದತ್ತಾಂಶವೆಂದು ಓದಹೊರಟ ಮುಂದಿನ ಸಾಲು ಎಡವುತ್ತದೆ, ಚಕ್ರವನ್ನು ತೆಗೆಯುವ ಸಾಲು ಅದರಾಚೆ ಇರುವುದರಿಂದ ಅಲ್ಲಿಗೆ ಯಾರೂ ತಲುಪುವುದೇ ಇಲ್ಲ. ಗೆದ್ದರೂ ಸೋತರೂ ಕೊನೆಗೆ ನಡೆಯಲೇಬೇಕಾದ ಕೆಲಸಕ್ಕೆಂದು ‘ಫೈನಲಿ’ ಎಂಬ ಭಾಗ ಇದೆ, ಚಕ್ರ ತೆಗೆಯುವ ಸಾಲನ್ನು ಅಲ್ಲಿಟ್ಟರೆ ಸಾಕು. ಇಂತಿಷ್ಟು ಹೊತ್ತಿನೊಳಗೆ ಉತ್ತರ ಬಾರದಿದ್ದರೆ ಕೋರಿಕೆಯನ್ನೇ ಕೈಬಿಟ್ಟು, ‘ತರಲು ಆಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ಹೇಳಿ ಒಂದು ಗುಂಡಿ ಕೊಡುವುದೂ ಹೆಚ್ಚಿನ ಕೆಲಸವಲ್ಲ. ನಾನೇ ಈ ತಪ್ಪನ್ನು ಮಾಡಿ, ಬಳಕೆದಾರರೊಬ್ಬರನ್ನು ಅರ್ಧ ಗಂಟೆ ಸುಮ್ಮನೆ ಕಾಯಿಸಿ, ಆಮೇಲೆ ಕಲಿತವನು.

ಇಷ್ಟೆಲ್ಲ ಹೇಳಿದ್ದು ಕಣ್ಣಿದ್ದವರ ಮಾತಾಯಿತು. ನನ್ನ ಸಹೋದ್ಯೋಗಿಯೊಬ್ಬರಿಗೆ ದೃಷ್ಟಿಯಿಲ್ಲ. ಪರದೆಯನ್ನು ಓದಿಹೇಳುವ ತಂತ್ರಾಂಶವೇ ಅವರ ಆಧಾರ. ಎಷ್ಟೇ ಅಂದವಾದ ಚಕ್ರ ತಿರುಗಿದರೂ ಅವರ ಕಿವಿಗೆ ಬೀಳುವುದು ಮೌನ. ಗುಂಡಿ ಒತ್ತಿದ್ದು ಆಯಿತೋ ಇಲ್ಲವೋ ತಿಳಿಯದೆ ಅವರು ಮತ್ತೆ ಒತ್ತುತ್ತಾರೆ, ಅರ್ಜಿ ಎರಡು ಸಲ ಹೋಗುತ್ತದೆ. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಿರಬೇಕೆಂದು 2018ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿಯ 4.1.3ನೆಯ ಅಂಶ, ಇಂಥ ಸ್ಥಿತಿಯ ಸಂದೇಶಗಳನ್ನು ಸಹಾಯಕ ತಂತ್ರಾಂಶಗಳು ತಾವಾಗಿ ಓದಿಹೇಳುವಂತೆ ಗುರುತಿಸಿರಬೇಕು ಎನ್ನುತ್ತದೆ. ‘ಫಲಿತಾಂಶ ತರಲಾಗುತ್ತಿದೆ’ ಎಂಬ ಎರಡು ಪದಗಳಿಗೆ ಸ್ಥಿತಿಸೂಚಕ ಎಂಬ ಗುರುತು ಹಚ್ಚಿದರೆ ಆ ಷರತ್ತು ಬಹುಮಟ್ಟಿಗೆ ಪೂರೈಸಿದಂತೆ.

ಜಾಲತಾಣ ಮಾಡಿಸುವ ಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ. ಕೆಲಸ ಒಪ್ಪಿಕೊಂಡು ಹಣ ಪಾವತಿಸುವ ಮುನ್ನ, ಬ್ರೌಸರಿನಲ್ಲೇ ಇರುವ ಡೆವಲಪರ್ ಸಾಧನಗಳಲ್ಲಿ ಸಂಪರ್ಕದ ವೇಗವನ್ನು ಬೇಕೆಂದೇ ತಗ್ಗಿಸಿ ಒಮ್ಮೆ ಪುಟವನ್ನು ನೋಡಿ. ಆಮೇಲೆ ಸಂಪರ್ಕವನ್ನೇ ಕಡಿದು ಇನ್ನೊಮ್ಮೆ ನೋಡಿ. ಎರಡೂ ಸೇರಿ ಐದು ನಿಮಿಷದ ಕೆಲಸ. ಫಲಿತಾಂಶದ ಆ ಜಾಲತಾಣದವರಿಗೆ ನಾನು ಬರೆದು ತಿಳಿಸಿದ್ದೆ. ನಿನ್ನೆ ಮತ್ತೆ ತೆರೆದು ಅದೇ ಸಂಖ್ಯೆ ಹಾಕಿ ನೋಡಿದೆ. ಮೊದಲು ‘ಇಲ್ಲ’ ಎಂದಿತು, ಆಮೇಲೆ ಅಂಕಪಟ್ಟಿ ತೋರಿಸಿತು.

ಇತಿ,
ಒಬ್ಬ ಓದುಗ