ಚಿಕ್ಕಿ ತಾಂಡಾದ ಖಾಲಿ ಪುಟಗಳು: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ವಿಜಯಪುರ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸುತ್ತಲಿನ ಲಂಬಾಣಿ ತಾಂಡಾಗಳವರು. ಎರಡು ವರ್ಷಗಳಿಂದ ಒಂಬತ್ತನೆಯ ತರಗತಿಯ ಮಕ್ಕಳು ಮತ್ತು ನಾನು ಸೇರಿ ಎಲ್ಲಿಯೂ ಇಲ್ಲದ ಒಂದು ಜನದ ಚರಿತ್ರೆಯನ್ನು ಬರೆಯುತ್ತಿದ್ದೇವೆ. ಇನ್ನೂರು ವರ್ಷಗಳ ಮುಂದೆ, ಚಂದ್ರ, ಮಂಗಳ ಮತ್ತು ಸೆರೆಸ್ ಎಂಬ ಕಿರುಗ್ರಹ, ಇವುಗಳ ನಡುವೆ ಸರಕು ಸಾಗಿಸುತ್ತ, ಯಾವ ನೆಲದಲ್ಲಿಯೂ ನಿಲ್ಲದೆ, ನೌಕೆಯಲ್ಲಿಯೇ ಹುಟ್ಟಿ ನೌಕೆಯಲ್ಲಿಯೇ ಮುಪ್ಪಾಗುವ ವ್ಯಾಪಾರಿ ಕುಟುಂಬಗಳ ಚರಿತ್ರೆ ಅದು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುವುದರಿಂದ ಮಕ್ಕಳು ಆ ಜನಕ್ಕೆ ‘ಚಿಕ್ಕಿ ತಾಂಡಾ’ ಎಂದು ಹೆಸರಿಟ್ಟಿದ್ದಾರೆ. ಆ ಬರವಣಿಗೆ ಒಂದು ಕಡೆ ಬಂದು ನಿಂತುಬಿಟ್ಟಿದೆ. ಅದು ಮುಂದುವರಿಯಬೇಕಾದರೆ ತಮ್ಮ ಇಲಾಖೆಯಿಂದ ಒಂದು ಕೆಲಸ ಆಗಬೇಕು. ಅದನ್ನು ಕೇಳುವುದಕ್ಕಾಗಿಯೇ ಈ ಪತ್ರ.

ಮೊದಲು ಚಿಕ್ಕಿ ತಾಂಡಾದ ಬದುಕನ್ನು ತಮ್ಮ ಮುಂದಿಡುತ್ತೇನೆ. ಒಂದು ನೌಕೆ ಎಂದರೆ ಒಂದು ತಾಂಡಾ. ಅದರಲ್ಲಿ ನಲವತ್ತೋ ಐವತ್ತೋ ಮನೆಗಳು, ಒಬ್ಬ ನಾಯಕ, ಅವನಿಗೆ ನೆರವಾಗುವ ಕಾರಭಾರಿ. ಒಂದು ನೌಕೆಯವರೆಲ್ಲ ಒಂದೇ ಕುಲದವರಾದ್ದರಿಂದ ಒಳಗೊಳಗೆ ಮದುವೆ ಕೂಡದು. ಎರಡು ನೌಕೆಗಳು ಒಂದೇ ನಿಲ್ದಾಣದಲ್ಲಿ ಸೇರುವ ತನಕ ವರನಾಗಲಿ ವಧುವಾಗಲಿ ಕಾಯಬೇಕು. ಇದನ್ನು ಮಕ್ಕಳಿಗೆ ನಾನು ಹೇಳಿಕೊಡಲಿಲ್ಲ. ಒಂದೇ ಕುಲದೊಳಗೆ ಸಂಬಂಧ ಬೆಳೆಸಬಾರದೆಂಬುದು ಅವರ ಮನೆಗಳಲ್ಲಿ ಇಂದಿಗೂ ನಡೆಯುವ ಕಟ್ಟಳೆ. ಅವರು ಅದನ್ನು ಆಕಾಶಕ್ಕೆ ಕೊಂಡೊಯ್ದರು, ಅಷ್ಟೇ.

ಲೆಕ್ಕ ಮಾತ್ರ ನನ್ನ ಪಾಠದ್ದು. ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೊರಡಲು ತಕ್ಕ ಕಾಲ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ. ಹೋಗಲು ಎಂಟೊಂಬತ್ತು ತಿಂಗಳು ಹಿಡಿದರೆ, ಮರಳುವ ದಾರಿ ತೆರೆಯುವ ತನಕ ಅಲ್ಲಿ ಹದಿನೈದು ತಿಂಗಳ ಹತ್ತಿರ ಕಾಯಬೇಕು. ಇಷ್ಟು ಕಾಲ ಆ ಜನ ಏನು ಮಾಡುತ್ತಿದ್ದರು ಎಂದು ನಾನು ಕೇಳಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ, ಮಳೆಗಾಲದಲ್ಲಿ ತಾಂಡಾ ಏನು ಮಾಡುತ್ತಿತ್ತೋ ಅದನ್ನೇ ಮಾಡುತ್ತಿದ್ದರು ಎಂದ. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಲಂಬಾಣಿಗರು ಮಳೆ ಹಿಡಿದಾಗ ಮೇವು ನೀರು ಇರುವಲ್ಲಿ ಬೀಡುಬಿಟ್ಟು, ದಾರಿ ಒಣಗಿದ ಮೇಲೆ ಮತ್ತೆ ಹೊರಡುತ್ತಿದ್ದರು. ಗ್ರಹಗಳ ಚಲನೆಯಲ್ಲಿಯೂ ಒಂದು ಮಳೆಗಾಲ ಇದೆಯೆಂದು ನನಗೆ ಅರ್ಥವಾದದ್ದು ಆ ಹುಡುಗನ ಮಾತಿನಿಂದ.

ಸರಕು ಯಾವುದು ಎಂಬ ಪ್ರಶ್ನೆಗೂ ಹೀಗೆಯೇ ಉತ್ತರ ಸಿಕ್ಕಿತು. ಲಂಬಾಣಿ ಎಂಬ ಹೆಸರು ಲವಣ ಎಂಬ ಪದದಿಂದ ಬಂದಿರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. 2015ರಲ್ಲಿ ಡಾನ್ ಎಂಬ ಗಗನನೌಕೆ ಸೆರೆಸ್‌ಗೆ ತಲುಪಿ, ಅದರ ಒಂದು ದೊಡ್ಡ ಕುಳಿಯಲ್ಲಿ ಬೆಳ್ಳಗೆ ಹೊಳೆಯುವ ಕಲೆಗಳನ್ನು ಪರೀಕ್ಷಿಸಿತು. ಆ ಬಿಳುಪು ಬಹುಪಾಲು ಸೋಡಿಯಂ ಕಾರ್ಬೊನೇಟ್, ಅಂದರೆ ಲವಣ ಎಂದು ತಿಳಿಯಿತು. ಅದೇ ಸೆರೆಸ್‌ನಲ್ಲಿ ನೀರು ಹಿಮವಾಗಿಯೂ ಇದೆ. ಉಪ್ಪೂ ನೀರೂ ಒಟ್ಟಿಗಿರುವ ಈ ಕಿರುಗ್ರಹದ ಚಿತ್ರವನ್ನು ಗೋಡೆಗೆ ಅಂಟಿಸಿದ ದಿನ ಮಕ್ಕಳು ಬಿಡುವಿನ ಗಂಟೆ ಬಾರಿಸಿದರೂ ಏಳಲಿಲ್ಲ. ಮಂಗಳಕ್ಕೂ ಭೂಮಿಗೂ ನಡುವೆ ಮಾತು ತಲುಪಲು ಕನಿಷ್ಠ ಮೂರು ನಿಮಿಷ, ಹೆಚ್ಚೆಂದರೆ ಇಪ್ಪತ್ತೆರಡು ನಿಮಿಷ ಬೇಕಾಗುವುದರಿಂದ, ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವಂತೆ ಅಲ್ಲಿ ಚೌಕಾಸಿ ಸಾಧ್ಯವಿಲ್ಲ. ಒಮ್ಮೆ ಆಡಿದ ದರವೇ ದರ. ಹಾಗಾಗಿ ಚಿಕ್ಕಿ ತಾಂಡಾದಲ್ಲಿ ಮಾತಿಗೆ ತಪ್ಪಿದವನಿಗಿಂತ ದೊಡ್ಡ ಅಪರಾಧಿ ಇಲ್ಲವೆಂದು ಮಕ್ಕಳು ಬರೆದರು.

ತೊಡಕು ಬಂದದ್ದು ಮಂಗಳದಿಂದ ಸೆರೆಸ್‌ಗೆ ಹೋಗುವ ದಾರಿಯಲ್ಲಿ. ಕಡಿಮೆ ಇಂಧನದ ಆ ಪಯಣಕ್ಕೆ ಸುಮಾರು 19 ತಿಂಗಳು ಬೇಕು. ಹೊರಡುವ ಕಾಲ ಸುಮಾರು 38 ತಿಂಗಳಿಗೊಮ್ಮೆ ಮಾತ್ರ ಬರುತ್ತದೆ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮುಗಿಸುತ್ತಿದ್ದಂತೆ ಒಬ್ಬಳು ಹುಡುಗಿ ಎದ್ದು ನಿಂತಳು. ಹೊರಡುವಾಗ ಬಸುರಿಯಾಗಿದ್ದವಳು ದಾರಿಯಲ್ಲಿಯೇ ಹೆರಬೇಕು, ಕೂಸು ತಲುಪುವ ಮೊದಲೇ ದೊಡ್ಡದಾಗಬೇಕು, ನಡೆಯುತ್ತಿರುವ ತಾಂಡಾದಲ್ಲಿ ಬಾಣಂತನ ಹೇಗೆ, ಯಾರು ನಿಲ್ಲುತ್ತಾರೆ, ಯಾರು ಮುಂದೆ ಹೋಗುತ್ತಾರೆ ಎಂದು ಕೇಳಿದಳು. ಅವಳ ಪ್ರಶ್ನೆ ಆಕಾಶದ ತಾಂಡಾದ ಕುರಿತಷ್ಟೇ ಆಗಿರಲಿಲ್ಲ. ತನ್ನ ಹಿರಿಯರ ತಾಂಡಾದಲ್ಲಿ ಇದು ಹೇಗೆ ನಡೆಯುತ್ತಿತ್ತೆಂದು ಅವಳಿಗೆ ತಿಳಿಯಬೇಕಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕಿ ಹೇಳುತ್ತೇನೆಂದು ಮಾತು ಕೊಟ್ಟೆ.

ಹುಡುಕಿದಾಗ ಸಿಕ್ಕಿದ್ದನ್ನು ತಮಗೆ ತಿಳಿಸಬೇಕು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಭಾರತದ ದಾರಿಯಲ್ಲಿ ಬಂಜಾರರ, ಅಂದರೆ ಲಂಬಾಣಿಗರ, ಒಂದು ತಾಂಡಾವನ್ನು ಎದುರುಗೊಂಡು, ಧಾನ್ಯ ಹೊತ್ತ ಹದಿನಾಲ್ಕು ಸಾವಿರ ಎತ್ತುಗಳು ಅದರಲ್ಲಿದ್ದವೆಂದು ಬರೆದಿಟ್ಟ. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾದರೆ ದಾರಿಹೋಕರು ಅದು ಮುಗಿಯುವ ತನಕ ಕಾಯಬೇಕಾಗುತ್ತಿತ್ತೆಂದೂ, ಈ ಜನ ಹೆಂಡಿರು ಮಕ್ಕಳೊಂದಿಗೆ ಡೇರೆಗಳಲ್ಲಿಯೇ ಬದುಕುತ್ತಿದ್ದರೆಂದೂ ದಾಖಲಿಸಿದ್ದಾನೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷ್ ಸೇನಾಧಿಕಾರಿಗಳ ಕಾಗದಗಳಲ್ಲಿ ಬ್ರಿಂಜಾರಿಗಳು, ಅಂದರೆ ಇದೇ ಬಂಜಾರರು, ತರಬೇಕಾದ ಅಕ್ಕಿಯ ಮಾತು ಮತ್ತೆ ಮತ್ತೆ ಬರುತ್ತದೆ. ಎತ್ತುಗಳ ಎಣಿಕೆ ಸಿಕ್ಕಿತು, ಮೂಟೆಗಳ ಲೆಕ್ಕ ಸಿಕ್ಕಿತು. ಬರೆದವರೆಲ್ಲ ದಾರಿಯ ಬದಿಯಲ್ಲಿ ನಿಂತು ನೋಡಿದವರು, ಇಲ್ಲವೇ ಧಾನ್ಯಕ್ಕಾಗಿ ಕಾದವರು. ಸಾಲಿನೊಳಗೆ ನಡೆಯುತ್ತಿದ್ದ ಹೆಂಗಸೊಬ್ಬಳು ತನ್ನ ಹೆರಿಗೆಯ ದಿನ ಏನು ಮಾಡಿದಳೆಂಬುದನ್ನು ಅವರಲ್ಲಿ ಯಾರೂ ಕೇಳಲಿಲ್ಲ.

ಇದೇ ನೆಲದ ಇನ್ನೊಂದು ವ್ಯಾಪಾರಿ ಸಮೂಹದ ವಿಷಯ ಹೀಗಲ್ಲ. ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆಯ ಐನೂರ್ವರು ತಮ್ಮ ಕೀರ್ತಿಯನ್ನು ತಾವೇ ಕಲ್ಲಿನಲ್ಲಿ ಕೆತ್ತಿಸಿಕೊಂಡರು. ನೆಲದ ದಾರಿ, ನೀರಿನ ದಾರಿಗಳಲ್ಲಿ ನಾನಾ ದೇಶಗಳನ್ನು ಹೊಕ್ಕವರು ತಾವೆಂದು, ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರಗಳನ್ನು ಮಾರುವವರು ತಾವೆಂದು, ವೀರ ಬಣಂಜು ಧರ್ಮವೆಂಬ ವರ್ತಕರ ಕಟ್ಟಳೆಯನ್ನು ಪಾಲಿಸುವವರು ತಾವೆಂದು ಅವರ ಶಾಸನಗಳು ಸಾರುತ್ತವೆ. ಅವರ ಹೆಸರಿರುವ 1088ರ ಒಂದು ತಮಿಳು ಶಾಸನ ದೂರದ ಸುಮಾತ್ರದಲ್ಲಿ ಸಿಕ್ಕಿದೆ. ಚಿಕ್ಕಿ ತಾಂಡಾದ ನಾಯಕರು ಒಬ್ಬರಿಗೊಬ್ಬರು ಕೊಡುವ ಬಿರುದುಗಳನ್ನು ಕಟ್ಟುವಾಗ ಈ ಶಾಸನಗಳು ನಮಗೆ ತುಂಬ ನೆರವಾದವು. ಲಂಬಾಣಿಗರ ಚರಿತ್ರೆ ಕಲ್ಲಿನಲ್ಲಿಲ್ಲ. ಅದು ಹಾಡಿನಲ್ಲಿದೆ, ವಂಶಾವಳಿಯನ್ನು ಹಾಡಿ ಹೇಳುತ್ತಿದ್ದ ಧಾಡಿಗಳ ಬಾಯಲ್ಲಿದೆ, ಮನೆಯ ಮುದುಕಿಯರ ನೆನಪಿನಲ್ಲಿದೆ. ಅವರ ಭಾಷೆಗೆ ತನ್ನದೇ ಲಿಪಿ ಇಲ್ಲ. 2011ರ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ಎಂದು ಮಾತೃಭಾಷೆ ಹೇಳಿಕೊಂಡವರು 32 ಲಕ್ಷಕ್ಕೂ ಹೆಚ್ಚು ಮಂದಿ. ಆ ಎಣಿಕೆಯನ್ನೂ ಹಿಂದಿಯ ಕೆಳಗೆ ಸೇರಿಸಲಾಗಿದೆ.

ಆ ಹುಡುಗಿಯ ಪ್ರಶ್ನೆಯನ್ನು ಹೊತ್ತು ನಾನು ಅವಳ ಮನೆಗೇ ಹೋದೆ. ಅವಳ ಮುತ್ತಜ್ಜಿಗೆ ತೊಂಬತ್ತರ ಆಸುಪಾಸು. ಹೇರೆತ್ತುಗಳ ಸಾಲನ್ನು ಆಕೆ ಕಂಡವರಲ್ಲ. ರೈಲು ಬಂದು, ಉಪ್ಪಿನ ವ್ಯಾಪಾರ ಸರ್ಕಾರದ ಕೈಗೆ ಹೋಗಿ, ಆ ಸಾಲುಗಳು ಕರಗಿಹೋದದ್ದು ಅವರು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ತಮ್ಮ ಅಜ್ಜಿಯಿಂದ ಕೇಳಿದ್ದನ್ನು ಮಾತ್ರ ಅವರು ಬಲ್ಲವರಾಗಿದ್ದರು. ಬಾಣಂತಿಗಾಗಿ ತಾಂಡಾ ನಿಲ್ಲುತ್ತಿತ್ತೇ ಎಂದು ನಾನು ಕೇಳಿದ್ದಕ್ಕೆ ಅವರು ಒಂದು ಹಾಡನ್ನು ಎತ್ತಿಕೊಂಡರು. ಒಂದಾದ ಮೇಲೊಂದು ಬಾವಿಯ ಹೆಸರು, ಹಳ್ಳದ ಹೆಸರು ಬರುವ ಹಾಡು ಅದು. ನನ್ನ ಫೋನಿನಲ್ಲಿ ಅದು ಮೂರೂವರೆ ನಿಮಿಷ ಇದೆ. ಅಷ್ಟಕ್ಕೆ ಅವರಿಗೆ ಆಯಾಸವಾಯಿತು. ಇನ್ನೊಮ್ಮೆ ಬರುತ್ತೇನೆಂದು ಎದ್ದು ಬಂದೆ. ಪರೀಕ್ಷೆಯ ಕೆಲಸ ಮುಗಿಸಿ ಮತ್ತೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆ ಹಾಡಿನಲ್ಲಿ ಬರುವ ಏಳೆಂಟು ಮಾತುಗಳ ಅರ್ಥವನ್ನು ಹೇಳಬಲ್ಲವರು ಈಗ ಆ ತಾಂಡಾದಲ್ಲಿ ಇಲ್ಲ. ಅಂದೇ ಇನ್ನೊಂದು ಗಂಟೆ ಅಲ್ಲಿ ಕೂತಿರಬೇಕಾಗಿತ್ತೆಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಸರ್ಕಾರ ಈ ಸಮುದಾಯಕ್ಕೆ ಏನನ್ನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಆರಂಭವಾಯಿತು. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ಸೇರುವ ಜನಸಾಗರವನ್ನು ನಾಡು ನೋಡುತ್ತಿದೆ. 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿದಾಗ, ತಲೆಮಾರುಗಳಿಂದ ವಿಳಾಸವಿಲ್ಲದೆ ಬದುಕಿದ್ದವರ ಮನೆಗೆ ಮೊದಲ ಬಾರಿಗೆ ದಾಖಲೆ ಬಂದಿತು. ಅಲೆಯುವುದನ್ನೇ ಸಂಶಯದಿಂದ ನೋಡಿದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪಟ್ಟಿಗೆ ಹಲವು ಪ್ರಾಂತ್ಯಗಳಲ್ಲಿ ಇವರನ್ನೂ ಸೇರಿಸಲಾಗಿತ್ತೆಂಬುದನ್ನು ನೆನೆದರೆ ಆ ಕಾಗದದ ಬೆಲೆ ತಿಳಿಯುತ್ತದೆ. ಅದೇ ವರ್ಷ ಜುಲೈನಲ್ಲಿ, ಹಂಪಿಯ ಜಿ-20 ಸಭೆಯ ಹೊತ್ತಿಗೆ, 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕಣ್ಣಿಗೆ ಕಾಣುವ ಕನ್ನಡಿ ಕಸೂತಿಗೆ, ಮೆರವಣಿಗೆಯ ಕುಣಿತಕ್ಕೆ ಮನ್ನಣೆ ಸಿಕ್ಕಿದೆ. ಕಿವಿಯಿಂದ ಕೇಳಬೇಕಾದದ್ದು ಇನ್ನೂ ಕಾಯುತ್ತಿದೆ, ಮತ್ತು ಅದನ್ನು ಹೇಳಬಲ್ಲವರಿಗೆ ಕಾಯುವಷ್ಟು ಆಯುಸ್ಸು ಉಳಿದಿಲ್ಲ.

ಆದ್ದರಿಂದ, ತಾಂಡಾಗಳ ಹಿರಿಯರ ದಾರಿಯ ನೆನಪುಗಳನ್ನು, ಹಾಡುಗಳನ್ನು, ವ್ಯಾಪಾರದ ಮಾತುಗಳನ್ನು, ಹುಟ್ಟು ಸಾವು ನ್ಯಾಯಪಂಚಾಯಿತಿಗಳ ಕಟ್ಟಳೆಗಳನ್ನು ಅವರದೇ ಭಾಷೆಯಲ್ಲಿ ಧ್ವನಿಮುದ್ರಿಸಿ ಸಾರ್ವಜನಿಕ ಸಂಗ್ರಹವೊಂದನ್ನು ಕಟ್ಟುವ ಕೆಲಸವನ್ನು ತಮ್ಮ ಇಲಾಖೆ ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ. ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿದ ಹಾಡುಗಳು ಇಲ್ಲವೆಂದಲ್ಲ. ಆದರೆ ಅಚ್ಚಿನ ಹಾಡಿನಲ್ಲಿ ದನಿ ಇರುವುದಿಲ್ಲ, ಹಾಡು ಮುಗಿದ ಮೇಲೆ ಮುದುಕಿ ಹೇಳುವ ನಾಲ್ಕು ಮಾತೂ ಇರುವುದಿಲ್ಲ. ಧ್ವನಿಮುದ್ರಿಸುವವರು ಹೊರಗಿನಿಂದ ಬಂದ ಯೋಜನೆಯ ನೌಕರರಾಗಿರುವುದಕ್ಕಿಂತ ಆಯಾ ತಾಂಡಾದ ಓದಿದ ಹುಡುಗ ಹುಡುಗಿಯರಾಗಿದ್ದರೆ ಒಳ್ಳೆಯದು. ಹೆರಿಗೆಯ ವಿಷಯವನ್ನು ಅಜ್ಜಿ ಮೊಮ್ಮಗಳಿಗೆ ಹೇಳುವಂತೆ ಇಲಾಖೆಯ ವಾಹನದಲ್ಲಿ ಬಂದವರಿಗೆ ಹೇಳುವುದಿಲ್ಲ. ಈ ಹುಡುಗ ಹುಡುಗಿಯರಿಗೆ ತರಬೇತಿ, ಉಪಕರಣ, ದಿನದ ಗೌರವಧನ ಬೇಕು; ಹೇಳುವ ಹಿರಿಯರಿಗೂ ಗೌರವಧನ ಸಲ್ಲಬೇಕು. ಮೂಲಪ್ರತಿಗಳು ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಇರಬಹುದು. ಆದರೆ ಕೇಳುವ ಅನುಕೂಲ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ತನಕ ಬರಬೇಕು. ಕನ್ನಡ ಲಿಪಿಯಲ್ಲಿ ಬರೆದ ಪಠ್ಯವೂ ಕನ್ನಡದಲ್ಲಿ ಅರ್ಥವೂ ಜೊತೆಗಿರಬೇಕು. ಯಾವುದನ್ನು ಎಲ್ಲರೂ ಕೇಳಬಹುದು, ಯಾವುದು ಮನೆಯವರಿಗೆ ಮಾತ್ರ ಎಂಬುದನ್ನು ನಿರ್ಧರಿಸುವ ಹಕ್ಕು ಹೇಳಿದ ಕುಟುಂಬದ್ದಾಗಿರಲಿ. ಈ ಒಂದು ಅಂಶದಲ್ಲಿ ಸಡಿಲಿಕೆ ಬೇಡವೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಜನರ ಬಗ್ಗೆ ಇತರರು ಬರೆದ ಕಡತಗಳು ಅವರಿಗೆ ಎಂಥ ಹೊರೆಯಾದವೆಂಬುದನ್ನು 1952ರಲ್ಲಿ ಆ ಅಪರಾಧಿ ಬುಡಕಟ್ಟುಗಳ ಕಾಯ್ದೆ ರದ್ದಾಗುವ ತನಕದ ಕಾಲ ತೋರಿಸಿದೆ.

ಮಕ್ಕಳ ಕಥೆಯೊಂದಕ್ಕಾಗಿ ಸರ್ಕಾರ ಇಷ್ಟು ಮಾಡಬೇಕೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ನಾನು ಅದನ್ನು ಸಣ್ಣ ಕಾರಣವೆಂದು ತಿಳಿದಿಲ್ಲ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ 32 ಮೀಟರಿನ ಆಂಟೆನಾ ಚಂದ್ರಯಾನ, ಮಂಗಳಯಾನಗಳೊಂದಿಗೆ ಮಾತಾಡಿದೆ. ಈ ನಾಡಿನ ಮಕ್ಕಳು ಆಕಾಶದ ಬದುಕನ್ನು ಕಲ್ಪಿಸಿಕೊಳ್ಳುವುದು ಇನ್ನು ಸಹಜ. ಹಾಗೆ ಕಲ್ಪಿಸುವಾಗ ಅವರು ಪರದೇಶದ ಕಥೆಗಳ ನೌಕೆಗಳನ್ನು ಎರವಲು ತರಬೇಕಾಗಿಲ್ಲ. ಮನೆಯನ್ನೇ ಹೊತ್ತು ನಡೆದ, ನಡೆಯುತ್ತಲೇ ನ್ಯಾಯ ಹೇಳಿದ, ನಡೆಯುತ್ತಲೇ ಮಕ್ಕಳನ್ನು ಸಾಕಿದ ಜನರ ಮೊಮ್ಮಕ್ಕಳು ಅವರು. ಬಾಹ್ಯಾಕಾಶದಲ್ಲಿ ಕುಟುಂಬವಾಗಿ ಬದುಕುವುದು ಹೇಗೆಂಬ ಪ್ರಶ್ನೆಗೆ ನನ್ನ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ; ನಮ್ಮ ಶಾಲೆಯಿಂದ ಎರಡು ಕಿಲೋಮೀಟರು ದೂರದ ತಾಂಡಾದಲ್ಲಿ ಅರ್ಧ ಉತ್ತರವಾದರೂ ಇದೆ.

ಕೆಲಸ ಆರಂಭಿಸುವ ಕಾಲದ ಬಗ್ಗೆ ಒಂದು ಮಾತು. ನಮ್ಮ ಭಾಗದ ತಾಂಡಾಗಳಿಂದ ಜನ ದಸರೆಯ ನಂತರ ಕಬ್ಬಿನ ಕಟಾವಿಗೆ, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗುತ್ತಾರೆ. ಮರಳುವುದು ಯುಗಾದಿಯ ಹೊತ್ತಿಗೆ. ಆ ತಿಂಗಳುಗಳಲ್ಲಿ ಮುದುಕರು ಮನೆಯಲ್ಲಿರುತ್ತಾರೆ, ಕೇಳಿ ಬರೆದುಕೊಳ್ಳಬಲ್ಲ ಮಕ್ಕಳು ಊರಲ್ಲಿರುವುದಿಲ್ಲ. ಇಬ್ಬರೂ ಒಂದೇ ಸೂರಿನಡಿ ಇರುವುದು ಯುಗಾದಿಯಿಂದ ದಸರೆಯ ತನಕ ಮಾತ್ರ. ಆದೇಶ ಯಾವ ತಿಂಗಳಲ್ಲಿ ಹೊರಟರೂ ಧ್ವನಿಮುದ್ರಣ ಈ ಅವಧಿಯೊಳಗೆ ನಡೆಯುವಂತೆ ನೋಡಿಕೊಳ್ಳಬೇಕು. ನಮ್ಮ ಶಾಲೆಯ ಒಂದು ಕೋಣೆಯನ್ನು ಈ ಕೆಲಸಕ್ಕೆ ಬಿಟ್ಟುಕೊಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ನನ್ನ ಫೋನಿನಲ್ಲಿರುವ ಆ ಮೂರೂವರೆ ನಿಮಿಷವನ್ನು ಸಂಗ್ರಹಕ್ಕೆ ಕೊಡಲು ಆ ಮುತ್ತಜ್ಜಿಯ ಮನೆಯವರೂ ಒಪ್ಪಿಗೆ ಕೊಟ್ಟಿದ್ದಾರೆ. ಚಿಕ್ಕಿ ತಾಂಡಾದ ಚರಿತ್ರೆಯಲ್ಲಿ ಬಾಣಂತನದ ಅಧ್ಯಾಯಕ್ಕೆಂದು ಮಕ್ಕಳು ಹನ್ನೆರಡು ಪುಟಗಳನ್ನು ಖಾಲಿ ಬಿಟ್ಟು, ಮುಂದಿನ ಅಧ್ಯಾಯವನ್ನು ಬರೆಯಲು ತೊಡಗಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ, ವಿಜಯಪುರ ಜಿಲ್ಲೆ